ಮುಗಿದ ವರ್ಷದ ಕಟ್ಟು

ಪೊಲೀಸ್ ಕೆಲಸವನ್ನು ಹೊರಗಿನಿಂದಷ್ಟೇ ಕಂಡಿರುವ ನಾನು ಇದನ್ನು ಹೇಳಲು ಹೊರಟಿರುವುದು ಅಧಿಕಪ್ರಸಂಗವೇ ಇರಬಹುದು. ಕ್ರಮದಲ್ಲೋ ಕಾನೂನಿನ ಮಾತಿನಲ್ಲೋ ತಪ್ಪು ಕಂಡರೆ ತಿಳಿದವರು ಮನ್ನಿಸಬೇಕು. ಯಾರನ್ನೂ ಇದ್ದುದಕ್ಕಿಂತ ಕೆಟ್ಟವರಾಗಿ ತೋರಿಸಬಾರದು ಎಂಬ ಎಚ್ಚರದಿಂದ ಬರೆದಿದ್ದೇನೆ.

ಸೋಮವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಇಬ್ಬರು ಠಾಣೆಗೆ ಬಂದರು. ಬೀದಿಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಬಾಗಿಲಲ್ಲಿ ನಿಂತಾಗ ಅವರ ಅಂಚುಗಳು ಮಸುಕಾಗಿದ್ದವು. ಒಳಗೆ ಬಂದ ಮೇಲಷ್ಟೇ ಮನುಷ್ಯರಾದರು. ಒಬ್ಬರು ನ್ಯಾಯಾಲಯದ ದಾಖಲೆ ಕೊಠಡಿಯ ಗುಮಾಸ್ತರು, ನಿವೃತ್ತಿಗೆ ಹತ್ತಿರವಾದವರು. ಇನ್ನೊಬ್ಬಳು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ತರುಣಿ.

"ಏನು ಕಳುವಾಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ವಿಚ್ಛೇದನ ಸಾರ್," ಎಂದರು ಗುಮಾಸ್ತರು.

ಪಕ್ಕದ ಮೇಜಿನಲ್ಲಿದ್ದ ಮಹಿಳಾ ಹೆಡ್ ಕಾನ್‌ಸ್ಟೆಬಲ್ ತಲೆಯೆತ್ತಿದಳು. "ಅದನ್ನೂ ಕದೀತಾರಾ? ನಮ್ಮ ಬೀದೀಲಿ ಕೇಳಿದ್ರೆ ಬಿಟ್ಟಿ ಕೊಡೋರು ನಾಲ್ಕು ಜನ ಇದಾರೆ."

"ಕಡತ ಮೇಡಂ, ವಿಚ್ಛೇದನದ ಕಡತ. ಐವತ್ತೆರಡು ವರ್ಷ ಹಿಂದಿಂದು."

"ನಮ್ಮ ಅಜ್ಜಿ ತಾತಂದು," ಎಂದಳು ತರುಣಿ.

"ಅಷ್ಟು ಹಳೇದು ನಿಮಗ್ಯಾಕೆ ಬೇಕು?"

ಆಕೆ ಸ್ವಲ್ಪ ಹೊತ್ತು ಕೈಚೀಲದ ಹಿಡಿಯನ್ನು ತಿರುಚಿದಳು. "ನಮ್ಮ ವಂಶದ ಕತೆ ಬರೀತಿದೀನಿ ಸರ್. ತಾತನಿಂದ ಬೇರೆ ಆದಾಗ ಅಜ್ಜಿ ಎರಡು ವರ್ಷದ ನಮ್ಮಮ್ಮನ್ನ ಎತ್ಕೊಂಡು ಹೋದ್ರು. ಏಳು ವರ್ಷದ ನಮ್ಮ ಮಾವನ್ನ ಅಲ್ಲೇ ಬಿಟ್ರು. ಹೆತ್ತ ಮಗನ್ನ ಬಿಟ್ಟ ಕಲ್ಲುಮನಸ್ಸು ಅಂತ ಎಲ್ರೂ ಅಂತಾರೆ. ನಮ್ಮಮ್ಮನೂ ಅಂತಾರೆ. ಕೇಳಿದ್ರೆ ಅಜ್ಜಿ ಮಾತು ಬದಲಾಯಿಸೋರು. ಈಗ ಅವರೂ ಇಲ್ಲ. ಆದ್ರೆ ನನ್ನ ಆಡಿಸಿ ಬೆಳೆಸಿದ್ದು ಅವರು. ಅವರು ಹಾಗಿರ್ಲಿಲ್ಲ. ಕೋರ್ಟಿನ ಕಾಗದದಲ್ಲಾದ್ರೂ ನಿಜ ಇರುತ್ತೆ ಅಂದ್ಕೊಂಡೆ."

ಗುಮಾಸ್ತರ ಲಿಖಿತ ದೂರಿನ ಮೇಲೆ ಸರ್ಕಾರಿ ದಾಖಲೆ ಕಳವಿನ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಪಂಚನಾಮೆಗೆ ಹೋದರು. ಬೆರಳಚ್ಚು ಅಂಗಡಿಯ ಇಬ್ಬರನ್ನು ಪಂಚರಾಗಿ ಕರೆದರು. ದಾಖಲೆ ಕೊಠಡಿ ನೆಲಮಾಳಿಗೆಯಲ್ಲಿತ್ತು. ಮೇಲಿನ ಸಣ್ಣ ಕಿಟಕಿಗಳಿಂದ ಇಳಿದ ಬೆಳಕಿನಲ್ಲಿ ಧೂಳು ಅವಸರವಿಲ್ಲದೆ ತೇಲುತ್ತಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತಗಳು ಸೂರಿನವರೆಗೂ ಒರಗಿಕೊಂಡು ಮಲಗಿದ್ದವು. ಅಲ್ಲಿ ಯಾರೂ ಹೇಳದೆಯೇ ಎಲ್ಲರ ದನಿ ತಗ್ಗಿತು. ಎಷ್ಟೊಂದು ಮನೆಗಳ ಜಗಳ ಇಲ್ಲಿ ನಿದ್ದೆ ಮಾಡುತ್ತಿದೆ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಒಂದು ಕ್ಷಣ ಅವರಿಗೆ ತಾವು ಯಾಕೆ ಬಂದಿದ್ದೇವೆಂಬುದೇ ಮರೆತಂತಾಯಿತು.

"ಕಟ್ಟು ಎಲ್ಲಿತ್ತು?"

"ಜನ ಬಂದು ಕೇಸು ಹಾಕಿದ ವರ್ಷ ಹೇಳ್ತಾರೆ ಸಾರ್. ನಾವು ಕಟ್ಟಿಡೋದು ಕೇಸು ಮುಗಿದ ವರ್ಷದಲ್ಲಿ. ಈ ಮಗೂಗೆ ಹಾಕಿದ ವರ್ಷ ಮಾತ್ರ ಗೊತ್ತಿತ್ತು. ಮುಗಿದ ವರ್ಷ ರಿಜಿಸ್ಟರ್ ನೋಡಿ ಹುಡುಕ್ತೀನಿ, ಮುಂದಿನ ವಾರ ಬಾ ಅಂದೆ. ಹುಡುಕಿ ಕಟ್ಟು ಬಿಚ್ಚಿದ್ರೆ ಅದೊಂದೇ ಇಲ್ಲ."

"ನಡುವೆ ಆ ಕಟ್ಟು ಯಾರಾದರೂ ಬಿಚ್ಚಿದ್ದರಾ?"

ಗುಮಾಸ್ತರು ನೆಲ ನೋಡಿದರು. "ಗುರುವಾರ ಒಬ್ರು ಬಂದಿದ್ರು. ಅದೇ ವರ್ಷದ್ದು ಯಾವುದೋ ಬಾಡಿಗೆ ತಕರಾರು ನೋಡ್ಬೇಕು ಅಂದ್ರು. ನಂಬರ್ ಗೊತ್ತಿಲ್ಲ ಅಂದಿದ್ದಕ್ಕೆ ಕಟ್ಟನ್ನೇ ಮೇಜಿಗೆ ತಂದಿಟ್ಟೆ. ಹಾಗೆ ಕೊಡ್ಬಾರ್ದು. ನನ್ನದೇ ತಪ್ಪು."

ಆತ ಕೊಟ್ಟಿದ್ದ ಅರ್ಜಿಯಲ್ಲಿದ್ದ ವಿಳಾಸಕ್ಕೆ ಹೆಡ್ ಕಾನ್‌ಸ್ಟೆಬಲ್ ಹೋಗಿ ಬಂದಳು. "ಖಾಲಿ ಸೈಟು ಸರ್. ಒಂದು ಎಮ್ಮೆ ಮಲಗಿತ್ತು. ಅದರ ಹೇಳಿಕೆ ತಗೊಂಡಿಲ್ಲ."

ಇನ್‌ಸ್ಪೆಕ್ಟರ್ ಗುಮಾಸ್ತರ ಕಡೆ ತಿರುಗಿದರು. "ಅವರು ನೋಡುವಾಗ ನೀವು ಎದುರಿಗೇ ಇದ್ದಿರಲ್ಲ?"

"ಇದ್ದೆ ಸಾರ್."

"ಒಂದು ಕ್ಷಣವೂ ಕಣ್ಣು ತಪ್ಪಿಸಲಿಲ್ಲ?"

"ಇಲ್ಲ. ಅಂದ್ರೆ…" ಗುಮಾಸ್ತರು ಕನ್ನಡಕ ಮುಟ್ಟಿಕೊಂಡರು. "ನಿಮ್ಮ ಫ್ರೇಮು ಸೊಟ್ಟಗಿದೆ, ಕೊಡಿ ಅಂದ್ರು. ಜೇಬಿಂದ ಚಿಕ್ಕ ಸ್ಕ್ರೂಡ್ರೈವರ್ ತೆಗೆದು ಕಡ್ಡಿ ಬಗ್ಗಿಸಿ ಬಿಗಿ ಮಾಡಿಕೊಟ್ರು. ಅವತ್ತಿಂದ ತಲೆನೋವೇ ಇಲ್ಲ."

"ಕನ್ನಡಕ ಇಲ್ಲದೆ ನಿಮಗೆ ಎಷ್ಟು ಕಾಣುತ್ತೆ?"

"ಬೆಳಕು ಕಾಣುತ್ತೆ ಸಾರ್."

ಹೆಡ್ ಕಾನ್‌ಸ್ಟೆಬಲ್ ನಗು ತಡೆಯಲು ಕಪಾಟಿನ ಕಡೆ ಮುಖ ತಿರುಗಿಸಿದಳು.

ಮೊಮ್ಮಗಳು ಮೆಟ್ಟಿಲ ಬಳಿ ನಿಂತಿದ್ದಳು. ಇನ್‌ಸ್ಪೆಕ್ಟರ್ ಹತ್ತಿರ ಹೋಗಿ ಕೇಳಿದರು, "ಕಡತ ಮುಗಿದ ವರ್ಷದ ಕಟ್ಟಲ್ಲಿರುತ್ತೆ ಅಂತ ಯಾರಿಗೆ ಹೇಳಿದ್ರಿ?"

"ಮನೇಲಿ ಹೇಳಿದೆ. ಊಟದ ಹೊತ್ತು. ಅಮ್ಮ ಇದ್ರು, ಮಾವ ಬಂದಿದ್ರು."

"ಮುಗಿದ ವರ್ಷ ಅವರಿಗೆ ಗೊತ್ತಾ?"

"ಅಮ್ಮನಿಗೆ ಗೊತ್ತಿಲ್ಲ. ಆಗ ಕೂಸು."

"ಮಾವ ಏನು ಕೆಲಸ ಮಾಡ್ತಾರೆ?"

"ಅವರದು ಕನ್ನಡಕದ…" ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮೂಗಿನ ಮೇಲಿದ್ದ ತನ್ನ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಸರ್, ದೂರು ವಾಪಸ್ ತಗೋಬಹುದಾ?"

"ದೂರು ನಿಮ್ಮದಲ್ಲಮ್ಮ, ಕೋರ್ಟಿಂದು."

ಸಂಜೆ ಐದು ಗಂಟೆಗೆ ಪೊಲೀಸರು ಪಂಚರೊಂದಿಗೆ ಮಾವನ ಕನ್ನಡಕದ ಅಂಗಡಿ ತಲುಪಿದರು. ಕಿರಿದಾದ ಕೋಣೆ, ಮೂರು ಗೋಡೆಗಳ ತುಂಬ ಫ್ರೇಮುಗಳು. ಇಳಿಬಿಸಿಲು ಗಾಜುಗಳ ಮೇಲೆ ಬಿದ್ದು, ನೂರಾರು ಜೊತೆ ಖಾಲಿ ಕಣ್ಣುಗಳು ಒಟ್ಟಿಗೆ ಎಚ್ಚರವಾದಂತಿತ್ತು. ಅಂಗಡಿಯಾತ ಒಂದು ಮಸೂರವನ್ನು ಬೆಳಕಿಗೆ ಹಿಡಿದಿದ್ದರು. ಸಮವಸ್ತ್ರ ಕಂಡರೂ ಕೈ ಇಳಿಸಲಿಲ್ಲ.

"ಗುರುವಾರ ಎಲ್ಲಿದ್ರಿ?"

"ಕೋರ್ಟಲ್ಲಿ."

"ಕಡತ?"

ಅವರು ಮಸೂರಗಳ ಪೆಟ್ಟಿಗೆಯ ಕೆಳಗಿನ ಡ್ರಾಯರ್ ಎಳೆದು ತೆಳ್ಳಗಿನ ಕಡತ ತೆಗೆದು ಗಾಜಿನ ಮೇಜಿನ ಮೇಲಿಟ್ಟರು. ಪಂಚರ ಎದುರು ಜಪ್ತಿಯಾಯಿತು.

"ಗುಮಾಸ್ತರ ಕಣ್ಣು ಕಟ್ಟೋಕೆ ಚೆನ್ನಾಗೇ ಉಪಾಯ ಮಾಡಿದ್ರಿ," ಎಂದಳು ಹೆಡ್ ಕಾನ್‌ಸ್ಟೆಬಲ್.

"ಉಪಾಯ ಅಲ್ಲಮ್ಮ. ಓದಿ ವಾಪಸ್ ಬರೋಣ ಅಂತಲೇ ಹೋಗಿದ್ದೆ. ಅವರ ಫ್ರೇಮು ನಿಜವಾಗ್ಲೂ ಸೊಟ್ಟಗಿತ್ತು, ನೋಡಿ ಸುಮ್ಮನಿರೋಕಾಗ್ಲಿಲ್ಲ. ತಗೊಂಡ ಮೇಲೆ ಅವರು ಕಣ್ಣು ಮುಚ್ಚಿ ಕಾಯ್ತಾ ಕೂತ್ರು, ಮಕ್ಕಳ ಹಾಗೆ. ಆಗ ಕೈ ತಾನಾಗಿ ಹೋಯ್ತು."

"ಯಾಕೆ?"

ಅವರು ಬಾಗಿಲ ಕಡೆ ನೋಡಿದರು. ಬೀದಿಯಲ್ಲಿ ಹೋಗುವವರು ಗಾಜಿನ ಬಾಗಿಲಲ್ಲಿ ಉದ್ದವಾಗಿ, ಮತ್ತೆ ಗಿಡ್ಡವಾಗಿ ತೇಲಿಹೋಗುತ್ತಿದ್ದರು.

"ಕೊನೇ ದಿನ ಜಡ್ಜು ನನ್ನನ್ನ ತಮ್ಮ ಒಳಗಿನ ಕೋಣೆಗೆ ಕರೆಸಿದ್ರು. ಆಗ ಎರಡನೇ ಕ್ಲಾಸು, ಅದಕ್ಕೇ ವರ್ಷ ನೆನಪಿದೆ. ಅವರ ಮೇಜಿನ ಮೇಲೆ ಗಾಜಿನ ಗುಂಡು ಇತ್ತು, ಒಳಗೆ ಒಂದು ನೀಲಿ ಗುಳ್ಳೆ. ಅದನ್ನೇ ನೋಡ್ತಿದ್ದೆ. ಯಾರ ಜೊತೆ ಇರ್ತೀಯ ಮಗು ಅಂದ್ರು. ಅಮ್ಮನ ಜೊತೆ ಬೇಡ ಅಂದೆ."

"ಕಾರಣ?"

"ಬೆಳಿಗ್ಗೆ ಹಾಲು ಚೆಲ್ಲಿದ್ದೆ. ಅಮ್ಮ ಹೊಡೆದಿದ್ರು." ಅವರು ಮಸೂರವನ್ನು ಒರೆಸಿ ಒರೆಸಿ ಇಟ್ಟರು. "ಮುಂದೆ ದೊಡ್ಡವನಾದ ಮೇಲೆ ತಂಗಿ ನನ್ನ ಹುಡುಕಿಕೊಂಡು ಬಂದಳು. ಅಮ್ಮ ನಿನ್ನ ಬಿಟ್ಟುಬಿಟ್ಟಳಲ್ಲಣ್ಣ ಅಂತ ಅತ್ತಳು. ಅಲ್ಲ, ಬಿಟ್ಟಿದ್ದು ನಾನು ಅಂತ ಅವತ್ತೇ ಹೇಳ್ಬೇಕಿತ್ತು. ನನಗೆ ಅಂತ ಇದ್ದದ್ದು ಅವಳೊಬ್ಬಳೇ. ಕಡತ ಮನೆಗೆ ಬಂದ್ರೆ ನಾನು ಹೇಳಿದ ಮಾತು ಅವಳು ಓದ್ತಾಳೆ ಅಂತ ಭಯ ಆಯ್ತು."

ಇನ್‌ಸ್ಪೆಕ್ಟರ್ ಕಡತ ಬಿಡಿಸಿದರು. ಮೂರೇ ಹಾಳೆಗಳಿದ್ದವು. ತೀರ್ಪು, ಡಿಕ್ರಿ, ಖರ್ಚಿನ ಪಟ್ಟಿ. ಹುಡುಗನ ಮಾತು ಎಲ್ಲೂ ಇರಲಿಲ್ಲ.

"ನೀವು ಹೇಳಿದ್ದು ಇದರಲ್ಲಿ ಇಲ್ಲವಲ್ಲ."

"ಇಲ್ಲ. ನಾಲ್ಕು ದಿನದಿಂದ ಹುಡುಕ್ತಿದೀನಿ."

ಕಡತವನ್ನು ಗುರುತಿಸಲು ಬಂದ ಗುಮಾಸ್ತರು ಆಮೇಲೆ ವಿವರಿಸಿದರು. ಸಾಕ್ಷಿ, ಹೇಳಿಕೆ, ಕಕ್ಷಿದಾರರು ಬರೆದುಕೊಡುವ ಜ್ಞಾಪನಗಳನ್ನು ಕೆಲವು ವರ್ಷ ಇಟ್ಟು ನಾಶ ಮಾಡುವುದು ಕಚೇರಿಯ ನಿಯಮ. ಕೊನೆಗೆ ಉಳಿಯುವುದು ತೀರ್ಪು ಮಾತ್ರ. ಹುಡುಗನ ಹೇಳಿಕೆ ಸುಟ್ಟು ಮೂವತ್ತು ವರ್ಷಗಳ ಮೇಲಾಗಿತ್ತು. ಕಡತವನ್ನು ಮುಟ್ಟದೆ ಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಆರು ಗಂಟೆಗೆ ಬಂಧನದ ಪತ್ರಕ್ಕೆ ಅಂಗಡಿಯಾತ ಸಹಿ ಹಾಕಿದರು. ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಜಾಮೀನು ಸಿಕ್ಕಿತು. ಜಾಮೀನುದಾರರಾಗಿ ಸಹಿ ಹಾಕಲು ತಂಗಿ ಬಂದಿದ್ದರು. ಠಾಣೆಯಲ್ಲಿ ಮಾವನ ಬಾಯಿಂದ ಕೇಳಿದ್ದ ಮಗಳು ಹಿಂದಿನ ರಾತ್ರಿಯೇ ತಾಯಿಗೆ ಎಲ್ಲವನ್ನೂ ಹೇಳಿದ್ದಳು. ಕೋರ್ಟಿನ ಉದ್ದನೆಯ ಪಡಸಾಲೆಯಲ್ಲಿ ಅಣ್ಣ ತಂಗಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು.

"ನಾನು ಅಮ್ಮನ್ನ ಬೈದಾಗೆಲ್ಲ ನೀನು ಎದುರಿಗೇ ಕೂತಿರ್ತಿದ್ದೆ," ಎಂದರು ತಂಗಿ. "ಒಂದು ಮಾತು ಹೇಳ್ಬಾರ್ದಿತ್ತಾ ಅಣ್ಣ?"

"ಹೇಳಿದ್ರೆ ನೀನು ಆಮೇಲೆ ಬರ್ತಿರ್ಲಿಲ್ಲ."

"ಬರ್ತಿದ್ದೆ. ನಿನ್ನ ಬೈಯೋಕೆ ಬರ್ತಿದ್ದೆ."

ಅಣ್ಣ ತಲೆ ತಗ್ಗಿಸಿದರು. ತಂಗಿ ಎದ್ದು ಜಾಮೀನು ಪತ್ರಗಳ ಮೇಜಿಗೆ ಹೋಗಿ, ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಹಿಂದಿರುಗುವಾಗ ಅಣ್ಣನ ಪಕ್ಕ ಕೂರಲಿಲ್ಲ, ಹೊರಟೂ ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತು ಅಣ್ಣನ ಕೈಚೀಲ ಹಿಡಿದುಕೊಂಡರು.

ಮೊಮ್ಮಗಳಿಗೆ ತೀರ್ಪಿನ ನಕಲು ಸಿಕ್ಕಿದೆ. ಅದರಲ್ಲಿ ಒಂದು ಸಾಲಿದೆ: ಉಭಯರು ಸಲ್ಲಿಸಿದ ಜಂಟಿ ಜ್ಞಾಪನದಂತೆ ಮಗನು ತಂದೆಯ ಬಳಿಯೂ ಮಗಳು ತಾಯಿಯ ಬಳಿಯೂ ಇರತಕ್ಕದ್ದು. ಜ್ಞಾಪನದ ತಾರೀಖು ಅಲ್ಲಿಲ್ಲ. ಮೂಲ ಜ್ಞಾಪನವೂ ಉಳಿದಿಲ್ಲ. ಗಂಡ ಹೆಂಡತಿ ಮೊದಲೇ ಒಪ್ಪಿಕೊಂಡಿದ್ದು, ಜಡ್ಜು ಸುಮ್ಮನೆ ಕ್ರಮಕ್ಕೆಂದು ಮಗುವನ್ನು ಕೇಳಿದರೋ, ಇಲ್ಲ ಮಗನ ಉತ್ತರ ಕೇಳಿದ ಮೇಲೆ ತಾಯಿ ಸಹಿ ಹಾಕಿದಳೋ, ತನಿಖೆಯಲ್ಲಿ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ.