ಆರ್ಲನ್ ಕ್ರೌಸನ ಜೊಳ್ಳು ಗುಂಡುಗಳು

ಆರ್ಲನ್ ಕ್ರೌಸ್ ಆರು ಗುಂಡುಗಳನ್ನು ಒಂದೊಂದಾಗಿ ಕೋರಾ ಪೆಲ್‌ಳ ಮೇಜಿನ ಮೇಲೆ ನಿಲ್ಲಿಸಿದ. ಅವನು ಎಪ್ಪತ್ತಾರರ ಮುದುಕ.

"ಯಾರೋ ನನ್ನನ್ನ ಮುಗಿಸೋಕೆ ಹೊರಟಿದಾರೆ, ಕೋರಾ."

ಮೂಲೆಯಲ್ಲಿ ಚರ್ಮ ಕತ್ತರಿಸುತ್ತಿದ್ದ ಹಾಲಿಸ್ ಚಾಕು ಕೆಳಗಿಟ್ಟ. ಕುದುರೆ ವೈದ್ಯನಾಗಿದ್ದ ಅವನು ನಿವೃತ್ತನಾದ ಮೇಲೆ ಇಲ್ಲೇ ಕಾಲ ಕಳೆಯುತ್ತಿದ್ದ. ಕೋರಾ ಅರಿಜೋನದ ಆ ಜಿಲ್ಲೆಯ ಪೊಲೀಸಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಈಗ ಜೀನು, ಪಿಸ್ತೂಲಿನ ಒರೆಗಳನ್ನು ಹೊಲಿಯುತ್ತಿದ್ದಳು. ಠಾಣೆಗೆ ಹೋಗಲು ನಾಚುವವರೆಲ್ಲ ಬರುತ್ತಿದ್ದುದು ಅವಳ ಅಂಗಡಿಗೇ. ಅಂಥ ಎಲ್ಲ ಪ್ರಸಂಗಗಳಲ್ಲೂ ಹಾಲಿಸ್ ಅವಳ ಪಕ್ಕದಲ್ಲಿದ್ದ. ಪ್ರತಿ ಸಲವೂ ತಪ್ಪು ಮನುಷ್ಯನನ್ನೇ ಅನುಮಾನಿಸಿದ್ದ.

"ನಿನ್ನೆ ಹಿತ್ತಲಲ್ಲಿ ವಿಷದ ಗಿಲಕಿ ಹಾವು ಬಂದಿತ್ತು" ಎಂದ ಆರ್ಲನ್. "ರಿವಾಲ್ವರ್ ತೆಗೆದು ಒತ್ತಿದೆ. ಟಿಕ್ ಅಂತು. ಆರು ಸಲ ಟಿಕ್! ಕೊನೆಗೆ ನನ್ನ ಹೆಂಡತೀನೇ ಗುದ್ದಲಿ ತಂದು ಹೊಡೀಬೇಕಾಯ್ತು."

ಕೋರಾ ಇಕ್ಕಳದಿಂದ ಒಂದು ಗುಂಡಿನ ತಲೆ ಕಿತ್ತಳು. ಒಳಗೆ ಮದ್ದಿರಲಿಲ್ಲ. ನುಣ್ಣನೆಯ ಮರಳು ಸುರಿಯಿತು.

"ಬೆಲ್ಟ್ ಬಿಚ್ಚಿ ಕೊಡು" ಎಂದಳು.

ಆರ್ಲನ್ ಅರೆಮನಸ್ಸಿನಿಂದ ಕೊಟ್ಟ. ಹನ್ನೊಂದು ವರ್ಷಗಳ ಹಿಂದೆ, ಅವನು ದನದ ಹರಾಜಿಗೆ ಹೋಗಿದ್ದಾಗ ಇಬ್ಬರು ಕಳ್ಳರು ಮನೆಗೆ ನುಗ್ಗಿ, ಹೆಂಡತಿ ನೆಡ್ರಾಳನ್ನು ಕುರ್ಚಿಗೆ ಕಟ್ಟಿಹಾಕಿ ಹೋಗಿದ್ದರು. ಅಂದಿನಿಂದ ಅವನು ರಿವಾಲ್ವರನ್ನು ಎಲ್ಲರಿಗೂ ಕಾಣುವಂತೆ ಬಲಸೊಂಟಕ್ಕೆ ಕಟ್ಟಿಕೊಂಡೇ ಓಡಾಡುತ್ತಿದ್ದ. ಬೆಲ್ಟಿನ ಸುತ್ತ ಇನ್ನೂ ಇಪ್ಪತ್ತನಾಲ್ಕು ಗುಂಡುಗಳಿದ್ದವು. ಕೋರಾ ಅವುಗಳಲ್ಲಿ ನಾಲ್ಕನ್ನು ಅಲ್ಲಲ್ಲಿಂದ ಆರಿಸಿ ಬಿಚ್ಚಿದಳು. ನಾಲ್ಕರಲ್ಲೂ ಮರಳು.

"ಇವನ್ನ ಯಾವಾಗ ತುಂಬಿದ್ದೆ?"

"ಹೋದ ವರ್ಷ ಬೇಟೆ ಕಾಲದಲ್ಲಿ. ಆಮೇಲೆ ಮುಟ್ಟಿಲ್ಲ."

ಕೋರಾ ಗುಂಡುಗಳ ಹಿತ್ತಾಳೆಯ ಕವಚಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಚರ್ಮ ತಾಗಿದ ಕಡೆ ತೆಳ್ಳಗೆ ಹಸಿರು ಕಿಲುಬು ಹತ್ತಿತ್ತು. "ಬೆಲ್ಟನ್ನ ಎಲ್ಲೆಲ್ಲಿ ಬಿಚ್ಚಿಡ್ತೀಯ?"

"ಮಲಗೋವಾಗ ದಿಂಬಿನ ಕೆಳಗೆ. ಬುಧವಾರ ಅಂಚೆ ಕಚೇರಿಗೆ ಹೋಗೋವಾಗ ಬೋಯ್ಡ್ ಕೈಲಿ ಕೊಡ್ತೀನಿ, ಒಳಗೆ ಬಂದೂಕು ತರಬಾರದಲ್ಲ. ಅವನು ಗಾಡೀಲಿ ಕೂತಿರ್ತಾನೆ." ಆರ್ಲನ್ ಮುಖ ಬಿಗಿಯಿತು. "ಆದರೆ ನೆಡ್ರಾ, ಬೋಯ್ಡ್ ಇಬ್ಬರ ಹೆಸರೂ ಎತ್ತಬೇಡ."

ಹಾಲಿಸ್ ಮನಸ್ಸಿನಲ್ಲೇ ಒಬ್ಬನ ಹೆಸರು ಎತ್ತಿದ. ನೆರೆಮನೆಯ ಬೋಯ್ಡ್ ಸ್ಯಾಟರ್ಲಿ ಗುಂಡುಗಳನ್ನು ಮನೆಯಲ್ಲೇ ತಯಾರಿಸುತ್ತಿದ್ದ. ಅಷ್ಟೇ ಅಲ್ಲ, ಈಚೆಗೆ ಆರ್ಲನ್ ಹೋದಲ್ಲೆಲ್ಲ ಎರಡು ಹೆಜ್ಜೆ ಹಿಂದೆ ನೆರಳಿನಂತೆ ಸುತ್ತುತ್ತಿದ್ದ.

ಆರ್ಲನ್ ಬೆಲ್ಟನ್ನು ಮತ್ತೆ ಕಟ್ಟಿಕೊಂಡು ಮನೆಗೆ ಹೊರಟ. ಅಂದು ಮಧ್ಯಾಹ್ನವೇ ಕೋರಾ ಮತ್ತು ಹಾಲಿಸ್ ಕ್ರೌಸರ ಮನೆಗೆ ಹೋದರು. ನೆಡ್ರಾ ಪೀಚ್ ಹಣ್ಣಿನ ಪೈ ಕತ್ತರಿಸಿ ತಟ್ಟೆಗೆ ಹಾಕುವಷ್ಟರಲ್ಲಿ ಗೇಟಿನ ಹತ್ತಿರ ಕೂಗು ಕೇಳಿಸಿತು.

"ಆರ್ಲನ್! ನಾನು ಬೋಯ್ಡ್ ಕಣೋ! ಬೋಯ್ಡ್! ಒಳಗೆ ಬರ್ತಿದೀನಿ!"

"ಈಚೆಗೆ ಹಿಂಗೇ" ನೆಡ್ರಾ ನಕ್ಕಳು. "ನಲವತ್ತು ವರ್ಷ ಹಿಂಬಾಗಿಲಿಂದ ನುಗ್ಗಿ ತಾನೇ ಕಾಫಿ ಬಗ್ಗಿಸ್ಕೊಳ್ತಿದ್ದ. ಒಂದು ತಿಂಗಳಿಂದ ಸರದಾರನ ಥರ ಹೆಸರು ಸಾರ್ಕೊಂಡು ಬರ್ತಾನೆ."

ಬೋಯ್ಡ್ ಒಳಗೆ ಬಂದ. ಜೂನ್ ತಿಂಗಳ ಆ ಸುಡುಬಿಸಿಲಿನಲ್ಲೂ ದಪ್ಪ ಜಾಕೀಟು ತೊಟ್ಟಿದ್ದ. ಕೂತ ಕೂಡಲೇ ಗೆಳೆಯರ ಹಳೆಯ ಜಗಳ ಶುರುವಾಯಿತು.

"ಬಂದೂಕು ಅಂದ್ರೆ ನಾಯಿ ಇದ್ದಂಗೆ" ಎಂದ ಆರ್ಲನ್. "ಕಣ್ಣಿಗೆ ಬಿದ್ರೇನೇ ಕಳ್ಳ ಹೆದರೋದು. ಬಚ್ಚಿಟ್ಕೊಂಡ್ರೆ ಏನು ಬಂತು?"

"ಕಳ್ಳ ಮೊದಲು ಹೊಡೆಯೋದೇ ಆ ನಾಯೀನ ಕಣೋ ದಡ್ಡ. ಕಾಣದೆ ಇದ್ರೆ ಯಾರ ಹತ್ರ ಇದೆ ಅಂತ ಅವನಿಗೆ ಹೆಂಗೆ ಗೊತ್ತಾಗತ್ತೆ?"

ಕೋರಾ ಎದ್ದು ಹಾಲಿಸನನ್ನು ಜಗಲಿಗೆ ಕರೆದುಕೊಂಡು ಹೋದಳು.

"ಅವನೇ ತಾನೆ?" ಹಾಲಿಸ್ ಪಿಸುಗುಟ್ಟಿದ.

"ಅವನೇ. ಆದರೆ ಹೇಳಿದ್ರೆ ಆರ್ಲನ್ ಎದೆ ಒಡೆಯುತ್ತೆ. ಹೇಳದಿದ್ರೆ ಇನ್ನೊಂದು ಪೆಟ್ಟಿಗೆ ಗುಂಡು ಕೊಂಡು ತುಂಬ್ಕೊಳ್ತಾನೆ." ಅವಳು ಸ್ವಲ್ಪ ಹೊತ್ತು ರಸ್ತೆ ನೋಡುತ್ತ ನಿಂತಳು. ಇಷ್ಟು ವರ್ಷಗಳಲ್ಲಿ ಅವಳು ಹಿಂಜರಿದದ್ದನ್ನು ಹಾಲಿಸ್ ಕಂಡಿರಲಿಲ್ಲ. "ನಡಿ" ಎಂದಳು.

ಒಳಗೆ ಬಂದು ಆರ್ಲನ್ ಎದುರಿಗೆ ಕುಳಿತಳು.

"ನಿನ್ನನ್ನ ಯಾರೂ ಕೊಲ್ಲೋಕೆ ಹೊರಟಿಲ್ಲ ಆರ್ಲನ್. ಕೊಲ್ಲೋನಿಗೆ ಆರು ಜೊಳ್ಳು ಗುಂಡು ಸಾಕಿತ್ತು. ಬೆಲ್ಟಿನ ಇಪ್ಪತ್ತನಾಲ್ಕನ್ನೂ ಕೂತು ಬದಲಾಯಿಸಬೇಕಾಗಿರಲಿಲ್ಲ. ಇದನ್ನ ಮಾಡಿದವನಿಗೆ ಬೇಕಿದ್ದದ್ದು, ನಿನ್ನ ಬಂದೂಕಿನಿಂದ ಯಾರಿಗೂ ಎಂದೂ ಏಟು ಬೀಳಬಾರದು ಅನ್ನೋದು. ಆದರೂ ಅದು ನಿನ್ನ ಸೊಂಟದಲ್ಲೇ ಇರಬೇಕು, ನಿನಗೆ ಗೊತ್ತಾಗಬಾರದು. ಅದಕ್ಕೇ ತೂಕಕ್ಕೆ ಮರಳು."

ಕೋರಾ ಆ ಗುಂಡುಗಳಲ್ಲೊಂದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಳು.

"ಹೋದ ವರ್ಷದ ಗುಂಡಾಗಿದ್ರೆ ಕಿಲುಬು ಗಟ್ಟಿಯಾಗಿರ್ತಿತ್ತು. ಇದು ಒಂದು ತಿಂಗಳ ಕಿಲುಬು. ದಿನಾ ಚರ್ಮದ ಜೊತೆ ಏಗೋ ನನಗೆ ಅದು ಗೊತ್ತು. ನೆಡ್ರಾಗೆ ಗುಂಡು ಮಾಡೋಕೆ ಬರಲ್ಲ. ಹಗಲಲ್ಲಿ ಬೆಲ್ಟು ಸಿಗ್ತಿದ್ದದ್ದು ಇನ್ನೊಬ್ಬನಿಗೇ, ಬುಧವಾರ. ಆ ಮನುಷ್ಯ ಒಂದು ತಿಂಗಳಿಂದ ಗೇಟಿನಲ್ಲೇ ನಿಂತು ಹೆಸರು ಕೂಗ್ತಾನೆ. ಯಾಕೆ ಬೋಯ್ಡ್?"

ಬೋಯ್ಡ್ ತಟ್ಟೆಯನ್ನು ದೂರ ತಳ್ಳಿದ. ಆರ್ಲನ್ ಮುಖ ನೋಡಲಿಲ್ಲ.

"ಹೋದ ತಿಂಗಳು ಒಂದಿನ ನಾನು ಹಿಂಬಾಗಿಲಿಂದ ಬಂದೆ. ನೀನು ಒಲೆ ಹತ್ರ ನಿಂತಿದ್ದೆ. ನನ್ನ ಕಡೆ ಬಂದೂಕು ಹಿಡಿದು 'ಯಾರು ನೀನು' ಅಂದೆ. ನಾನು ಹೆಸರು ಹೇಳಿದೆ. ನೀನು ಮತ್ತೆ 'ಯಾರು ನೀನು' ಅಂದೆ. ಆಮೇಲೆ ನೀನೇ ಅದನ್ನ ಒಳಗಿಟ್ಟು, ಕಾಫಿ ಬೇಕಾ ಅಂತ ಕೇಳಿದೆ."

"ನಾನಾ?"

"ಇನ್ನೊಂದು ದಿನ ನೆಡ್ರಾ ಮೇಲೆ ಎತ್ತಿದ್ರೆ ಅಂತ ನಿದ್ದೆ ಬರಲಿಲ್ಲ ಕಣೋ. ಹೇಳೋಕೆ ಬಾಯಿ ಬರಲಿಲ್ಲ. ಬಂದೂಕು ಕಿತ್ಕೊಂಡ್ರೆ ನೀನು ಉಳೀತಿರಲಿಲ್ಲ."

"ಅದಕ್ಕೇ ಈ ಜಾಕೀಟು" ಎಂದಳು ಕೋರಾ ಮೆಲ್ಲಗೆ. "ನಿನ್ನ ಗುಂಡು ಜೊಳ್ಳು ಮಾಡಿದವನು, ತನ್ನ ಪಿಸ್ತೂಲು ಒಳಗೆ ಬಚ್ಚಿಟ್ಕೊಂಡು ತಿಂಗಳಿಂದ ನಿನ್ನ ಬೆನ್ನು ಕಾಯ್ತಿದಾನೆ ಆರ್ಲನ್."

ಹಾಲಿಸ್‌ಗೆ ತನ್ನ ಅನುಮಾನ ನೆನೆದು ತಲೆಯೆತ್ತಲಾಗಲಿಲ್ಲ.

ಆರ್ಲನ್ ತನ್ನ ಕೈಗಳನ್ನು ನೋಡಿಕೊಂಡ. "ನನ್ನ ಗುರಿ ಸರಿಯಾಗಿತ್ತಾ?" ಎಂದ.

"ನೆಟ್ಟಗೆ ಎದೆಗೇ."

"ಸದ್ಯ, ಅದಾದ್ರೂ ಮರೆತಿಲ್ಲ." ಆರ್ಲನ್ ಎದ್ದು ಬೆಲ್ಟ್ ಬಿಚ್ಚಿ ಬೋಯ್ಡನ ಮುಂದಿಟ್ಟ. "ನಾಳೆಯೇ ಡಾಕ್ಟರ ಹತ್ರ ಕರ್ಕೊಂಡು ಹೋಗು. ಆದರೆ ನೆಡ್ರಾನ ಇನ್ನು ಯಾರು ಕಾಯ್ತಾರೆ?"

ನೆಡ್ರಾ ಕಣ್ಣೊರೆಸಿಕೊಂಡು ಏಪ್ರನ್ನಿನ ಒಳಜೇಬಿಗೆ ಕೈಹಾಕಿದಳು. ಅಂಗೈಯಗಲದ ಪಿಸ್ತೂಲೊಂದನ್ನು ಮೇಜಿನ ಮೇಲಿಟ್ಟಳು.

ಆರ್ಲನ್ ಬಾಯಿ ಬಿಟ್ಟ. "ಇದು ಯಾವಾಗಿಂದ?"

"ಆ ಕಳ್ಳರು ಬಂದು ಹೋದ ಮಾರನೇ ದಿನದಿಂದ."

"ಹನ್ನೊಂದು ವರ್ಷ! ಒಂದು ಮಾತೂ ಹೇಳಲಿಲ್ಲವಲ್ಲೇ!"

"ಹೇಳಿದ್ರೆ ನೀನು ಕಾಯೋದು ಬಿಡ್ತಿದ್ದೆ. ನೀನು ಕಾಯ್ತಿದೀಯ ಅಂತಲೇ ನನಗೆ ರಾತ್ರಿ ನಿದ್ದೆ ಬರ್ತಿದ್ದದ್ದು."

ಮೊದಲು ನಕ್ಕವನು ಬೋಯ್ಡ್. ಆಮೇಲೆ ಆರ್ಲನ್ ನಕ್ಕ, ಕೆನ್ನೆಯೆಲ್ಲ ಒದ್ದೆಯಾಗುವಷ್ಟು.

ಮುಂದಿನ ಬುಧವಾರ ಅಂಗಡಿಯ ಕಿಟಕಿಯಿಂದ ಹಾಲಿಸ್ ಅವರನ್ನು ಕಂಡ. ಗಂಡಹೆಂಡತಿ ಅಂಚೆ ಕಚೇರಿಯ ಕಡೆ ನಡೆಯುತ್ತಿದ್ದರು. ರಿವಾಲ್ವರ್ ತಾಗುತ್ತದೆಂದು ಇಷ್ಟು ವರ್ಷ ನೆಡ್ರಾ ಗಂಡನ ಎಡಕ್ಕೇ ನಡೆದಿದ್ದಳು. ಬರಿದಾದ ಸೊಂಟದ ಬಳಿ ಆರ್ಲನ್‌ನ ಬಲಗೈ ಏನನ್ನೋ ತಡಕುತ್ತಿತ್ತು. ರಸ್ತೆ ದಾಟುವ ಮುನ್ನ ನೆಡ್ರಾ ಅವನ ಬೆನ್ನ ಹಿಂದಿನಿಂದ ಸುತ್ತಿಬಂದು ಬಲಗಡೆ ನಿಂತು, ಆ ಕೈಯನ್ನು ಹಿಡಿದುಕೊಂಡಳು.