ಮಿಸೆಸ್ ಕಿಮ್ ಎಂದು ಕರೆದವರು ಯಾರು?

"ಕಣ್ಣಿಗೇ ಕಾಣದ ವೀಸಾವನ್ನು ಯಾವ ಪುಣ್ಯಾತ್ಮ ಕ್ಯಾನ್ಸಲ್ ಮಾಡಿದ?"

ಸುಗುಣಾ ಕೇಳಿದ್ದು ಯಾರನ್ನೂ ಅಲ್ಲ. ಪ್ಯಾರಮಟ್ಟಾದ ಅವಳ ಟ್ರಾವೆಲ್ ಆಫೀಸಿನಲ್ಲಿ ದೇವರ ಮುಂದಿನ ಊದುಬತ್ತಿ ಇನ್ನೂ ಅರ್ಧವೂ ಉರಿದಿರಲಿಲ್ಲ. ಕೈಯಲ್ಲಿ ಆಗಷ್ಟೇ ಕೆಳಗಿಡುತ್ತಿದ್ದ ಫೋನು. ಆ ತುದಿಯಲ್ಲಿ ಅತ್ತವನು ಮೆಲ್ಬರ್ನ್‌ನ ಕೌಶಿಕ್.

ದಾವಣಗೆರೆಯ ಹುಡುಗ. ಓದಲು ಬಂದು, ಪಿಆರ್ ಎಂಬ ಕಾಯಂ ವಾಸದ ಅನುಮತಿ ಪಡೆದು, ಮಲೇಷ್ಯಾದ ಚೀನೀ ಹುಡುಗಿ ಹುಯಿ ಯಿನ್‌ಳನ್ನು ಮೆಚ್ಚಿಕೊಂಡವನು. ಭಾನುವಾರ ಮದುವೆ. ಹುಡುಗಿಯ ತಾಯಿ, ಸುಗುಣಾಳ ಆಫೀಸಿನಿಂದಲೇ ಮಾಡಿಸಿದ ಟಿಕೆಟ್‌ನಲ್ಲಿ, ಪೆನಾಂಗ್‌ನಿಂದ ನಿನ್ನೆ ಬಂದಿಳಿದರು. ಕೈಚೀಲದಲ್ಲಿ ಮದುವೆಯ ಚಿನ್ನ: ಡ್ರ್ಯಾಗನ್ ಕೆತ್ತಿದ ಜೋಡಿ ಬಳೆ, ಅಜ್ಜಿಯ ಕಾಲದ್ದು.

ಮೆಲ್ಬರ್ನ್ ಏರ್‌ಪೋರ್ಟಿನ ಹೊರಬಾಗಿಲಲ್ಲಿ ಒಬ್ಬ ಅವರನ್ನು ಎದುರುಗೊಂಡ. "ನಿಮ್ಮ ಟ್ರಾವೆಲ್ ಆಫೀಸಿನವನು. ನಿಮ್ಮ ಇಟಿಎ ಕ್ಯಾನ್ಸಲ್ ಆಗಿದೆ. ವಾಪಸ್ ಕಳಿಸುತ್ತಾರೆ. ಪಾಸ್‌ಪೋರ್ಟ್ ಹಿಡಿದು ಆ ಕೌಂಟರಿಗೆ ಓಡಿ, ಚೀಲ ನಾನು ನೋಡಿಕೊಳ್ಳುತ್ತೇನೆ."

ಮುದುಕಿ ಓಡಿದರು. ಓಡದೆ ಏನು ಮಾಡಿಯಾರು? ಇಟಿಎ ಎಂದರೆ ಮೂರು ತಿಂಗಳ ಭೇಟಿಗೆ ಕಂಪ್ಯೂಟರಿನಲ್ಲೇ ಸಿಗುವ ಅನುಮತಿ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಚೀಟಿ ಇಲ್ಲ. ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ದೇವರ ಹಾಗೆ.

ತಿರುಗಿ ನೋಡಿದರೆ ಚೀಲವೂ ಇಲ್ಲ, ಮನುಷ್ಯನೂ ಇಲ್ಲ.

"ಚಿನ್ನದ ವಿಷಯ ಗೊತ್ತಿದ್ದದ್ದು ನನಗೊಬ್ಬನಿಗೆ, ಸುಗುಣಕ್ಕ. ನಾನು ಟ್ರಾಫಿಕ್‌ನಲ್ಲಿ ಸಿಕ್ಕಿ ಲೇಟಾಗಿ ಹೋದೆ. ಈಗ ಕಳ್ಳ ನನ್ನ ಕಡೆಯವನೇ ಅಂತಿದಾರೆ. ಮದುವೆ ನಿಂತೇ ಹೋಗ್ತದ!"

ಅಷ್ಟರಲ್ಲಿ ಲತೇಶ್ ಒಳಬಂದ. ಆಫೀಸಿನ ಸಹಾಯಕ, ಪಿಆರ್‌ಗೆ ಕಾಯುತ್ತಿರುವ ಉಡುಪಿಯ ಹುಡುಗ. ನಿನ್ನೆ ರಜೆ ಹಾಕಿ ದೇವಸ್ಥಾನಕ್ಕೆ ಹೋಗಿದ್ದ.

"ಪ್ರಸಾದ ಎಲ್ಲಿ?" ಎಂದಳು ಸುಗುಣಾ, ಪರ್ಸು ಎತ್ತಿಕೊಳ್ಳುತ್ತ.

"ದಾರಿಯಲ್ಲೇ ತಿಂದೆ ಅಕ್ಕ. ನೀವು ಎಲ್ಲಿಗೆ?"

"ಮೆಲ್ಬರ್ನ್‌ಗೆ. ಒಬ್ಬರು ಪ್ಯಾಸೆಂಜರ್ ತೊಂದರೆಯಲ್ಲಿದ್ದಾರೆ."

*

ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನ ಫ್ಲ್ಯಾಟಿನಲ್ಲಿ ಮೇಜಿನ ಮೇಲೆ ಮೂರು ಬಟ್ಟಲು ಚಹಾ. ತಾಯಿಗೊಂದು, ಮಗಳಿಗೊಂದು, ಸುಗುಣಾಗೊಂದು. ಕೌಶಿಕ್ ಬಾಗಿಲ ಬಳಿ ನಿಂತೇ ಇದ್ದ. ಅವನಿಗೆ ಬಟ್ಟಲಿಲ್ಲ.

ತಾಯಿ ಟ್ಯಾನ್ ಸ್ಯೂ ಕಿಮ್ ಸಣ್ಣ ಆಕೃತಿಯ, ಚೂಪು ನಾಲಗೆಯ ಹೆಂಗಸು.

"ಕಳ್ಳ ಹೇಗಿದ್ದ?" ಸುಗುಣಾ ಕೇಳಿದಳು.

"ಟೋಪಿ, ಕಪ್ಪು ಕನ್ನಡಕ. ನಿಮ್ಮ ಇಂಡಿಯಾದವನು. ನಮ್ಮವರೆಲ್ಲ ನಿಮಗೆ ಒಂದೇ ಥರ ಕಾಣುತ್ತಾರಲ್ಲ, ನಿಮ್ಮವರೂ ನನಗೆ ಹಾಗೇ." ಕಣ್ಣು ಕೌಶಿಕ್ ಕಡೆ. "ಆದರೆ ಪೊಲೀಸರಿಗೆ ಹೆಸರು ಸಿಕ್ಕಿದೆ. ರಾಯ."

"ರಾಯ?"

"ನಡುವೆ ಅವನಿಗೊಂದು ಫೋನ್ ಬಂತು. ಇರುಮ, ರಾಯ ಅಂದ. ನಮ್ಮೂರಲ್ಲಿ ಹರಿ ರಾಯ ಅಂತ ಹಬ್ಬ ಉಂಟು. ಆ ಹಬ್ಬ ಹೋಗಿ ತಿಂಗಳುಗಳಾದವು. ಹಾಗಾದರೆ ಅದು ಗೆಳೆಯನ ಹೆಸರೇ ಅಂತ ಪೊಲೀಸರ ಲೆಕ್ಕ. ಕೌಶಿಕ್‌ನ ಗೆಳೆಯರಲ್ಲಿ ರಾಯ ಯಾರು ಅಂತ ಹುಡುಕುತ್ತಿದ್ದಾರೆ."

ಸುಗುಣಾ ಕಣ್ಣು ಮುಚ್ಚಿದಳು. ಅಪ್ಪ ಸೇಸಪ್ಪ ದಿನಾ ಸಂಜೆ ಪದ್ಯ ಓದುತ್ತಿದ್ದರು. ಪದವನ್ನು ಸಲ್ಲದ ಕಡೆ ಒಡೆದರೆ ಅರ್ಥ ಬೇಲಿ ಹಾರಿ ಓಡುತ್ತದೆ, ಮಗಾ. ಮೊದಲು ಒಡೆದದ್ದನ್ನು ಕೂಡಿಸಿ ಕೇಳು, ಎನ್ನುತ್ತಿದ್ದರು.

"ಇನ್ನೊಮ್ಮೆ ಹೇಳಿ. ನಡುವೆ ನಿಲ್ಲಿಸದೆ."

"ಇರುಮರಾಯ."

ಇರು, ಮಾರಾಯ.

ದಾವಣಗೆರೆಯ ಬಾಯಲ್ಲಿ 'ಲೇ' ಹುಟ್ಟೀತು, 'ಮಾರಾಯ' ಹುಟ್ಟದು. ಇದು ಕಡಲ ಕಡೆಯ ಮಾತು. ತನ್ನದೇ ಊರಿನ ಮಾತು.

"ಅವನು ನಿಮ್ಮನ್ನು ಏನೆಂದು ಕರೆದ?"

"ಅದೇ ತಮಾಷೆ! ಮಿಸೆಸ್ ಕಿಮ್ ಅಂದ. ಇಷ್ಟು ವರ್ಷಕ್ಕೆ ಒಬ್ಬರೂ ಹಾಗೆ ಕರೆದಿಲ್ಲ. ನಮ್ಮಲ್ಲಿ ಮನೆತನದ ಹೆಸರು ಮೊದಲು. ನಾನು ಟ್ಯಾನ್."

"ಕೌಶಿಕ್, ನೀನು ಏನಂತ ಕರೀತೀಯಾ?"

"ಲಿಮ್ ಆಂಟಿ. ಅವರ ಯಜಮಾನರು ಲಿಮ್ ಅಲ್ವಾ ಅಕ್ಕ."

ಸುಗುಣಾ ಚಹಾ ಮುಗಿಸದೆ ಎದ್ದಳು. "ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ. ಎಲ್ಲರೂ ಹತ್ತಿರ ಕೂತಿರಿ. ಮಾತಾಡಬೇಡಿ, ಕೇಳಿ."

*

ಮರುದಿನ ಪ್ಯಾರಮಟ್ಟಾ. ಸುಗುಣಾ ಬಾಕ್ಸ್ ಹಿಲ್‌ಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿಟ್ಟಳು. ಲತೇಶ್ ಬಂದ. ಸುಗುಣಾಳ ದನಿ ತಣ್ಣಗಿತ್ತು.

"ಲತೇಶ್, ಮಿಸೆಸ್ ಟ್ಯಾನ್‌ಗೆ ರಿಟರ್ನ್ ಟಿಕೆಟ್ ಬೇಗ ಬೇಕಂತೆ. ಬುಕ್ ಮಾಡು."

"ಯಾವ ಟ್ಯಾನ್?"

"ಪೆನಾಂಗ್‌ನವರು. ಕೌಶಿಕ್‌ನ ಅತ್ತೆ."

ಲತೇಶ್ ನಕ್ಕ. "ಎಂತ ಮಾರಾಯ್ರೆ! ಅವರು ಟ್ಯಾನ್ ಅಲ್ಲ, ಕಿಮ್. ಇಟಿಎ ನಾನೇ ಹಾಕಿದ್ದಲ್ವಾ?"

"ರಾಯ!" ಫೋನು ಕಿರುಚಿತು. "ಅದೇ ದನಿ! ಅವನೇ ರಾಯ!"

ಲತೇಶ್ ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದಿಟ್ಟ.

"ಕೂರು," ಎಂದಳು ಸುಗುಣಾ. "ಕೌಶಿಕ್ ಬುಕಿಂಗ್‌ಗೆಂದು ಮೆಲ್ಬರ್ನ್‌ನಿಂದ ಬಂದಾಗ ಆಂಟಿ ಚಿನ್ನ ತರ್ತಾರೆ, ಇಟಿಎಯಲ್ಲಿ ಒಂದಕ್ಷರ ತಪ್ಪಬಾರದು ಅಂತ ಈ ಮೇಜಿನ ಮುಂದೆ ನಿಂತೇ ಹೇಳಿದ. ಗಾಬರಿಯಲ್ಲಿ ಮರೆತಿದ್ದಾನೆ. ನೀನು ಮರೆಯಲಿಲ್ಲ. ಆದರೂ ನೀನು ಹೆಸರಲ್ಲಿ ತಪ್ಪಿದೆ. ನಮ್ಮೂರಿನ ಅಭ್ಯಾಸ, ಕೊನೆಯ ಪದವೇ ಮನೆತನ ಅಂದುಕೊಂಡು ಕಿಮ್ ಅಂತ ಹಾಕಿದೆ. ಅದನ್ನು ಹಿಡಿದು ಬಂದಿದ್ದರೆ ಅವರು ವಿಮಾನವೇ ಹತ್ತುತ್ತಿರಲಿಲ್ಲ. ಮರುದಿನ ನಾನು ಟ್ಯಾನ್ ಅಂತ ಹೊಸದಾಗಿ ಹಾಕಿದೆ. ನಿನಗೆ ಹೇಳಲಿಲ್ಲ, ಹುಡುಗ ನಾಚಿಕೊಂಡಾನು ಅಂತ. ಪಾಸ್‌ಪೋರ್ಟ್ ನೋಡಿದವರಿಗೆ ಅವರು ಟ್ಯಾನ್, ಮನೆಯವರಿಗೆ ಲಿಮ್. ಈ ಭೂಮಿಯ ಮೇಲೆ ಅವರು ಮಿಸೆಸ್ ಕಿಮ್ ಆಗಿದ್ದದ್ದು ನಿನ್ನೊಬ್ಬನ ತಲೆಯಲ್ಲಿ. ದೇವಸ್ಥಾನಕ್ಕೆ ಹೋದವನು ಬರಿಗೈಯಲ್ಲಿ ಬಂದಾಗಲೇ ನನಗೆ ತಿಳಿಯಬೇಕಿತ್ತು. ಬಳೆ ಎಲ್ಲಿ?"

"ಟೂಂಗಾಬಿಯ ನನ್ನ ರೂಮಲ್ಲಿ... ಅಕ್ಕಿ ಡಬ್ಬಿಯಲ್ಲಿ." "ಚಿನ್ನ ಅಂತ ಕೇಳಿದ್ದೇ ಕೇಳಿದ್ದು ಅಕ್ಕ, ಮತ್ತೆ ಕಿವಿಯಲ್ಲಿ ಬೇರೆ ಎಂತದೂ ಹೋಗಲೇ ಇಲ್ಲ."

ಸ್ಪೀಕರಿನಲ್ಲಿ ಕುರ್ಚಿ ಎಳೆದ ಸದ್ದು. ಬಟ್ಟಲಿಗೆ ಚಹಾ ಸುರಿದ ಸದ್ದು. ಮುದುಕಿಯ ಗದರಿಕೆ: "ಏನು ನಿಂತಿದ್ದೀಯ ಕೌಶಿಕ್? ಕೂತು ಕುಡಿ. ಆರುತ್ತದೆ."

ಸುಗುಣಾ ಆ ಲೈನು ಮುಗಿಸಿ, ಪೊಲೀಸರಿಗೆ ಫೋನ್ ಹಚ್ಚಲು ಕೈ ನೀಡಿದಳು. ಲತೇಶ್ ಫೋನಿನ ಮೇಲೆ ಅಂಗೈ ಇಟ್ಟ.

"ಅಕ್ಕ, ಬಳೆ ಈಗಲೇ ತಂದು ಕೊಡ್ತೇನೆ. ನನ್ನ ಪಿಆರ್ ಹೋಗ್ತದೆ. ಆವತ್ತು ನನ್ನ ತಪ್ಪನ್ನು ಯಾರಿಗೂ ಹೇಳದೆ ತಿದ್ದಿದಿರಲ್ಲ... ಇದೊಂದು ಸಲವೂ ಹಾಗೇ ಮಾಡಿ, ಮಾರಾಯ್ರೆ."

ಸುಗುಣಾ ಅವನ ಕೈಯನ್ನು ಮೆಲ್ಲಗೆ ಎತ್ತಿ ಬದಿಗಿಟ್ಟಳು.

"ಇಲ್ಲ, ಮಾರಾಯ. ಆಗುವುದಿಲ್ಲ."