ಗೆರಸೆಯ ಹೊಟ್ಟು

ಗೋಡೆಯ ಆ ಬದಿಯಲ್ಲಿ ದಯಾನಂದನು ಹೆಂಡತಿಯ ತಲೆಯನ್ನು ಗೋಡೆಗೆ ಬಡಿದಾಗ, ಈ ಬದಿಯಲ್ಲಿ ಬೆನ್ಯಾಮಿನ ಕರ್ಕಡ ಮಾಸ್ತರರು ಗಿಟಾರಿನ ಮೂರನೆಯ ತಂತಿಯನ್ನು ಬಿಗಿ ಮಾಡುತ್ತಿದ್ದರು. ಅವರಿಗೆ ತಂತಿಯ ನಾದವೊಂದೇ ಕೇಳಿತು. ಹೊರಗಿನ ಸದ್ದನ್ನು ಅಳಿಸುವ ಸದ್ದುಗೆರಸೆಯೆಂಬ ಯಂತ್ರ ತನ್ನ ಕೆಲಸವನ್ನು ಲೋಪವಿಲ್ಲದೆ ಮಾಡುತ್ತಿತ್ತು.

ಮಂಗಳೂರಿನಲ್ಲಿ ಎಂದೋ ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರ ಸಾಲುಮನೆಗಳವು. ಕೊನೆಯ ಮನೆ ದಯಾನಂದನದು, ಅದಕ್ಕೆ ತಾಗಿದ್ದು ಮಾಸ್ತರರದು. ನಡುವೆ ಒಂದೇ ಗೋಡೆ. ಹಂಚು ಸುಡುವ ಆವಿಗೆಗಳು ಉರಿಯುತ್ತಿದ್ದ ಕಾಲದ ಕಟ್ಟಳೆಯೊಂದು ಮನುಷ್ಯರು ಚಂದ್ರನಲ್ಲಿ ಮನೆ ಕಟ್ಟಿದ ಮೇಲೂ ಅಲ್ಲಿ ಉಳಿದಿತ್ತು: ಗೋಡೆಗೆ ಮೂರು ಗುದ್ದು ಬಿದ್ದರೆ, ಕೇಳಿದವರು ಕಾರಣ ಕೇಳದೆ ಓಡಬೇಕು. ಹೋದ ವರ್ಷ ತಮ್ಮ ಹೆಂಡತಿ ಸುಗುಣ ತೀರಿಕೊಂಡಾಗ ಮಾಸ್ತರರು ಗುದ್ದಿದ್ದರು. ಹಿಟ್ಟಿನ ಕೈಯಲ್ಲೇ ಓಡಿಬಂದವಳು ದಯಾನಂದನ ಹೆಂಡತಿ ಯಮುನಾ. ಗಂಡನ ಕೈ ಮೇಲೆದ್ದಾಗಲೆಲ್ಲ ಅವಳು ಗುದ್ದುತ್ತಿದ್ದಳು. ಮಾಸ್ತರರು ಹೋಗಿ ಬಾಗಿಲಲ್ಲಿ ನಿಂತರೆ ಸಾಕು, ಆ ಕೈ ಇಳಿಯುತ್ತಿತ್ತು.

ಸುಗುಣಳ ವರ್ಷದ ಪ್ರಾರ್ಥನೆಗೆ, ಅವಳು ಹಾಡುತ್ತಿದ್ದ ಸ್ತುತಿಗೀತೆಗಳನ್ನು ಗಿಟಾರಿನಲ್ಲಿ ನುಡಿಸಿ ಧ್ವನಿಮುದ್ರಿಸಿಡಬೇಕೆಂದು ಮಾಸ್ತರರಿಗೆ ಆಸೆಯಾಯಿತು. ಮಲಗುವ ಕೋಣೆಯನ್ನೇ ಮುದ್ರಣದ ಕೋಣೆ ಮಾಡಿಕೊಂಡರು. ಗೋಡೆಗೆ ಹತ್ತಿಯ ಹಾಸಿಗೆ ಒರಗಿಸಿದರು, ನೆಲಕ್ಕೆ ನಾರಿನ ಚಾಪೆ ಹಾಸಿದರು. ಸುಗುಣಳ ಸೀರೆಗಳು ಮಾರ್ದನಿಯನ್ನು ಹೀರಿಕೊಳ್ಳಲೆಂದು ಕಪಾಟಿನ ಬಾಗಿಲು ತೆರೆದಿಟ್ಟರು. ಅಕ್ಕಿಡಬ್ಬಿಯ ಮೇಲೆ ಮೈಕು ಕೂತಿತು. ಆದರೂ ಕಾಗೆ, ರಿಕ್ಷಾ, ನೆರೆಮನೆಯ ಮಿಕ್ಸಿ ಒಳಗೆ ಬರುತ್ತಿದ್ದವು. ಆಗ ಅವರ ಹಳೆಯ ಶಿಷ್ಯೆ, ಧ್ವನಿವಿಜ್ಞಾನಿ ವಸುಮತಿ ಭಂಡಾರ್ಕರ್, ತಾನೇ ಕಂಡುಹಿಡಿದ ತಟ್ಟೆಯಂಥ ಯಂತ್ರವೊಂದನ್ನು ತಂದು ಹಾಸಿಗೆಯ ಮೇಲೆ ತೂಗುಹಾಕಿದಳು.

"ಇದೆಂತದಮ್ಮ?"

"ಗೆರಸೆ ಮಾಸ್ಟ್ರೆ. ನಿಮ್ಮ ಗಿಟಾರಿನ ದನಿ ಕಾಳು, ಉಳಿದದ್ದೆಲ್ಲ ಹೊಟ್ಟು. ಹೊರಗಿನ ಪ್ರತಿ ಅಲೆಗೂ ಇದು ಒಂದು ಎದುರಲೆ ಹುಟ್ಟಿಸ್ತದೆ. ನಿಮ್ಮ ಕುರ್ಚಿಯ ಸುತ್ತ ಎರಡೂ ಅಳಿಸಿಹೋಗ್ತವೆ. ಅಳಿಸ್ಲಿಕ್ಕೆ ಮೊದಲು ನಕಲು ಬೇಕಲ್ಲ, ಅದು ಈ ಹೊಟ್ಟುಡಬ್ಬಿಯಲ್ಲಿ ಉಳೀತದೆ. ವಾರಕ್ಕೊಮ್ಮೆ ಚೆಲ್ಲಿ."

"ಅದನ್ನು ಕೇಳ್ಬಹುದಾ?"

"ಕೇಳ್ಬಹುದು. ಆದ್ರೆ ಹೊಟ್ಟನ್ನು ಯಾರಾದ್ರೂ ತಿಂತಾರಾ ಮಾಸ್ಟ್ರೆ?" ಎಂದು ಅವಳು ನಕ್ಕಳು.

ಮೂರು ದಿನ ಮಾಸ್ತರರು ನುಡಿಸಿದರು. ನಾಲ್ಕನೆಯ ಬೆಳಿಗ್ಗೆ ಗಿಟಾರನ್ನು ಕೊರಳಿಗೆ ಹಾಕಿಕೊಂಡಾಗ ಒಂದು ಯೋಚನೆ ಬಂತು. ಮೂರು ದಿನದಿಂದ ತಮ್ಮ ಕ್ರೈಸ್ತ ದೇವಾಲಯದ ಗಂಟೆ ಕೇಳಿರಲಿಲ್ಲ. ದೇವರ ಗಂಟೆಯನ್ನು ಹೊಟ್ಟೆಂದು ಚೆಲ್ಲಲು ಅವರಿಗೆ ಮನಸ್ಸು ಬರಲಿಲ್ಲ. ಅದನ್ನೊಮ್ಮೆ ಕೇಳಿ ಆಮೇಲೆ ಚೆಲ್ಲೋಣವೆಂದು ಹೊಟ್ಟುಡಬ್ಬಿಯ ಗುಂಡಿ ಒತ್ತಿದರು.

ಗಂಟೆ ಕೇಳಿತು. ಕಾಗೆ ಕೂಗಿತು. ಆಮೇಲೆ ಮೂರು ಗುದ್ದು.

ಮತ್ತೆ ಮೂರು. ಬೆಲ್ಟು ಗಾಳಿಯನ್ನು ಸೀಳುವ ಸದ್ದು, ಪಾತ್ರೆ ಉರುಳಿದ್ದು, ತಲೆ ಗೋಡೆಗೆ ತಾಗಿದ್ದು. "ಕರ್ಕಡ ಮಾಮಾ! ಮಾಮಾ, ಬನ್ನಿ!" ಮೂರು ದಿನವೂ ಅದೇ.

ಮಾಸ್ತರರು ಗಿಟಾರಿನ ಸಮೇತ ಓಡಿದರು. ಹಿತ್ತಲ ಬಾಗಿಲನ್ನು ಒದ್ದು ಒಳಹೊಕ್ಕರೆ, ಯಮುನಾ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ದಯಾನಂದನು ಅವಳ ಮಣಿಕಟ್ಟನ್ನು ತುಳಿದು ಹಿಡಿದು, ಅರೆಯುವ ಗುಂಡುಕಲ್ಲಿನಿಂದ ಬೆರಳುಗಳನ್ನು ಜಜ್ಜುತ್ತಿದ್ದನು.

"ಗೋಡೆಗೆ ಗುದ್ದುವ ಕೈ ಇದೇ ಅಲ್ವಾ?" ಎನ್ನುತ್ತಿದ್ದವನು ತಲೆಯೆತ್ತಿ ನೋಡಿದನು. "ಓಹೋ, ಮಾಸ್ಟ್ರು! ಮೂರು ದಿನ ಗಿಟಾರಿನಲ್ಲಿ ಪಾಟು ಬಾರಿಸ್ತಾ ಕೂತಿದ್ರಿ. ನಿಮಗೂ ಸರಿ ಕಂಡಿತು ಅಂತ ಎಣಿಸಿದೆ. ಇವತ್ತು ಎಂತ?"

ಎಪ್ಪತ್ತು ವರ್ಷ ಯಾರ ಮೇಲೂ ಕೈ ಎತ್ತದ ಮನುಷ್ಯ ಗಿಟಾರನ್ನು ಕೊರಳಿನಿಂದ ಕಳಚಿ, ಅದರ ಕತ್ತು ಹಿಡಿದು ಬೀಸಿದರು. ಮರ ದವಡೆಯ ಮೇಲೆ ಒಡೆಯಿತು. ಎರಡು ಹಲ್ಲುಗಳು ನೆಲಕ್ಕೆ ಬಿದ್ದವು. ದಯಾನಂದನ ಕಲ್ಲು ಅವರ ಹೆಗಲೆಲುಬನ್ನು ಮುರಿಯಿತು. ಅವರು ನಿಲ್ಲಲಿಲ್ಲ. ಕೈಯಲ್ಲಿ ಉಳಿದ ಮರದ ತುಂಡಿನಿಂದ ಬಡಿದರು, ತಂತಿಗಳು ಅವರ ಅಂಗೈಯನ್ನೇ ಕೊಯ್ದರೂ ಬಡಿದರು. ಬಾಯಲ್ಲಿ ಯೇಸುವಿನ ಹೆಸರಿತ್ತು. ಅದು ಪ್ರಾರ್ಥನೆಯೋ ಶಾಪವೋ ಅವರಿಗೇ ತಿಳಿಯಲಿಲ್ಲ. ಸಾಲಿನ ಜನ ಬಂದು ಬಿಡಿಸಬೇಕಾಯಿತು.

ದಯಾನಂದನನ್ನು ಪೊಲೀಸರು ಒಯ್ದರು. ಯಮುನಾಳ ಎರಡು ಬೆರಳುಗಳನ್ನು ವೈದ್ಯರು ತೆಗೆಯಬೇಕಾಯಿತು. ಆಸ್ಪತ್ರೆಯ ಮಂಚದ ಬಳಿ ಕುಳಿತು ಮಾಸ್ತರರು ಯಂತ್ರದ ವಿಷಯ ಹೇಳಿದರು.

"ನನಗೆ ಕೇಳಲೇ ಇಲ್ಲ ಮಗಾ."

ಅವಳು ಪಟ್ಟಿ ಕಟ್ಟಿದ ಕೈಯನ್ನು ಎದೆಯ ಮೇಲೆ ಎಳೆದುಕೊಂಡಳು. "ನನಗೆ ಕೇಳ್ತಾ ಇತ್ತು ಮಾಮ. ಎರಡನೇ ಪಾಟಿನಲ್ಲಿ ಒಂದು ಕಡೆ ತಪ್ಪಿ ನಿಲ್ಲಿಸಿದ್ರಿ. ಆಗ ನೀವು ಎದ್ದು ಬರ್ತೀರಿ ಅಂತ ಬಾಗಿಲು ನೋಡಿದೆ. ನೀವು ಪುನಃ ಸುರುವಿಂದ ಬಾರಿಸಿದ್ರಿ."

ವಸುಮತಿ ಬಂದು ಯಂತ್ರವನ್ನು ಬಿಚ್ಚಿ ಪರೀಕ್ಷಿಸಿದಳು. "ಯಂತ್ರದಲ್ಲಿ ಎಂತದೂ ದೋಷ ಇಲ್ಲ ಮಾಸ್ಟ್ರೆ," ಎಂದಳು.

"ಗೊತ್ತು, ಮಗಾ. ತೆಗೆದುಕೊಂಡು ಹೋಗು."

ಹಾಸಿಗೆ ಮಂಚಕ್ಕೆ ಮರಳಿತು. ಹೆಗಲು ಕೂಡಿದ ಮೇಲೆ ಮಾಸ್ತರರು ದೇವಾಲಯದ ಗಿಟಾರನ್ನು ಎರವಲು ತಂದು ಎಲ್ಲವನ್ನೂ ಹೊಸದಾಗಿ ಮುದ್ರಿಸಿದರು. ವರ್ಷದ ಪ್ರಾರ್ಥನೆಯ ದಿನ ಸಭೆಯವರು ಅದನ್ನು ಕೇಳಿದರು. ಅದರಲ್ಲಿ ಪ್ರತಿಯೊಂದು ಹಾಡೂ ನಡುವೆ ನಿಂತುಬಿಡುತ್ತದೆ. ಎಲ್ಲೋ ಒಂದು ಪಾತ್ರೆ ಬೀಳುತ್ತದೆ, ಅಥವಾ ತೆಂಗಿನ ಮಡಲು ಉದುರುತ್ತದೆ. ಕೂಡಲೇ ಕುರ್ಚಿ ಸರಿಯುತ್ತದೆ, ಹೆಜ್ಜೆಗಳು ದೂರವಾಗುತ್ತವೆ, ಬಾಗಿಲು ತೆರೆಯುತ್ತದೆ. ಮುಂದಿನ ಸಾಲಿನಲ್ಲಿ ಯಮುನಾ ಕೂತಿದ್ದಳು. ಎರಡು ಬೆರಳಿಲ್ಲದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಆ ಹೆಜ್ಜೆಗಳು ಹೊರಗೆ ಹೋಗಿ ನೋಡಿ ಹಿಂತಿರುಗುವವರೆಗೆ, ಪ್ರತಿ ಸಲವೂ, ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.